ಹೊಗೆ ಹೂಳಲು ಬಂದವನು

"ರೀ, ಒಳಗೆ ಹೋಗ್ಬೇಡಿ! ನಿಮಗೇ ಹೇಳ್ತಿರೋದು!"

ಯಂತ್ರಗಳ ಸದ್ದಿನಲ್ಲಿ ಅವಳ ಕೂಗು ಅವನಿಗೆ ಕೇಳಿಸಲೇ ಇಲ್ಲ. ಕಂಪ್ರೆಸರ್ ಕೋಣೆಯ ಕಬ್ಬಿಣದ ಬಾಗಿಲು ತಳ್ಳಿಕೊಂಡು ಆ ಅಪರಿಚಿತ ಒಳಗೆ ಹೋಗೇಬಿಟ್ಟ.

ಬಾಗಿಲ ಮೇಲಿನ ಕೆಂಪು ದೀಪ ಹುಚ್ಚು ಹಿಡಿದಂತೆ ಮಿನುಗುತ್ತಿತ್ತು. ಒಳಗೆ ಪೈಪಿನ ಕೀಲೊಂದು ಸಡಿಲವಾಗಿ ಗ್ಯಾಸ್ ಸೋರುತ್ತಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ... ನೆಲದಿಂದ ಮೇಲಕ್ಕೆ ನೀರಿನ ಹಾಗೆ ತುಂಬಿಕೊಳ್ಳುವ ಗ್ಯಾಸ್! ನಾಲ್ಕು ಉಸಿರು ಎಳೆದರೆ ಮೊಣಕಾಲು ಕುಸಿಯುತ್ತದೆ. ಆಮೇಲೆ ಏಳುವ ಮಾತಿಲ್ಲ.

ಅವಳು ಯೋಚಿಸುತ್ತ ನಿಲ್ಲಲಿಲ್ಲ. ಗೋಡೆಗೆ ತೂಗುಹಾಕಿದ್ದ ಮುಖವಾಡ ಹಾಕಿ, ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿ ಒಳಗೆ ನುಗ್ಗಿದಳು. ಅವನು ಆಗಲೇ ಗೋಡೆಗೊರಗಿ ಜಾರುತ್ತಿದ್ದ. ಅಂಗಿಯ ಕಾಲರಿಗೆ ಕೈ ಹಾಕಿ, ಮೂಟೆ ಎಳೆದ ಹಾಗೆ ಹೊರಗೆ ಎಳೆದು ತಂದಳು.

ಬಿಸಿಲಿನ ಸಿಮೆಂಟ್ ನೆಲದ ಮೇಲೆ ಅವನು ಕೆಮ್ಮಿದ. ಉಸಿರೆಳೆದ. ಕಣ್ಣು ಬಿಟ್ಟ.

"ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಮಗೆ?" ಅವಳು ಮುಖವಾಡ ಕಿತ್ತು ಪಕ್ಕಕ್ಕೆಸೆದಳು. "ಕೆಂಪು ದೀಪ ಕಾಣಿಸ್ಲಿಲ್ವಾ?"

"ಕಾಣಿಸ್ತು... ನಾನು ಮೊದಲಿದ್ದ ಕಡೆ ಕೆಂಪು ದೀಪ ಅಂದ್ರೆ ಮಷೀನ್ ಓಡ್ತಿದೆ ಅಂತ ಅರ್ಥ."

"ಇಲ್ಲಿ ಪ್ರಾಣ ಹೋಗುತ್ತೆ ಅಂತ ಅರ್ಥ! ಇಷ್ಟಕ್ಕೂ ಯಾರು ನೀವು?"

ಅವನು ಕಷ್ಟಪಟ್ಟು ಎದ್ದು ಕೂತ. "ಈ ಗ್ಯಾಸನ್ನ ನೆಲದಡಿ ಹೂಳೋಕೆ ಬಂದವನು."

"ಇವತ್ತು ಅದೇ ನಿಮ್ಮನ್ನ ಹೂಳ್ತಿತ್ತಲ್ಲ!"

ಅವನು ನಕ್ಕ. ಬಿಳಿಚಿಕೊಂಡ ಮುಖದಲ್ಲಿ ಆ ನಗು ಎಷ್ಟು ಅಸಹಾಯಕವಾಗಿತ್ತೆಂದರೆ, ಬೈಯಲು ತೆರೆದ ಅವಳ ಬಾಯಿ ಹಾಗೇ ನಿಂತುಹೋಯಿತು.

'ಇವನೇನಾ ನಮ್ಮೂರನ್ನ ಉಳಿಸೋಕೆ ಬಂದಿರೋನು? ತನ್ನನ್ನೇ ಉಳಿಸ್ಕೊಳ್ಳೋಕೆ ಬರಲ್ಲವಲ್ಲ...'

---

ಆ ಊರಿಗೆ ಊರೇ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವನ್ನು ನಂಬಿ ಬದುಕಿತ್ತು. ಶಾಲೆ, ಆಸ್ಪತ್ರೆ, ಸಾಲುಸಾಲು ಕ್ವಾರ್ಟರ್ಸ್, ಮೂಲೆಯ ಕ್ಷೌರದಂಗಡಿ... ಎಲ್ಲವೂ ಆ ಚಿಮಣಿಯ ನೆರಳಿನಲ್ಲಿದ್ದವು. ಈಗ ದೇಶ ಕಲ್ಲಿದ್ದಲನ್ನು ಬಿಡಲು ಹೊರಟಿತ್ತು. ಬಿಸಿಲು, ಗಾಳಿಯ ಕರೆಂಟು ಬರುತ್ತಿತ್ತು. ಹಳೆಯ ಸ್ಥಾವರಗಳು ಒಂದೊಂದೇ ಮುಚ್ಚುತ್ತಿದ್ದವು. ಉಳಿಯಲು ಇದ್ದದ್ದು ಒಂದೇ ದಾರಿ. ಹೊಗೆಯಲ್ಲಿರುವ ಇಂಗಾಲದ ಗ್ಯಾಸನ್ನು ಚಿಮಣಿ ದಾಟುವ ಮೊದಲೇ ಹಿಡಿದು, ಒತ್ತಿ, ಪೈಪಿನಲ್ಲಿ ಸಾಗಿಸಿ, ಪಾತಾಳದ ಬಂಡೆಯೊಳಗೆ ಶಾಶ್ವತವಾಗಿ ಹೂಳಬೇಕು. ಹಾಗೆ ಹೂಳಲಾದರೆ ಸ್ಥಾವರ ಉರಿಯಲಿ, ಆಗದಿದ್ದರೆ ಬೀಗ ಹಾಕಿ ಎಂದಿತ್ತು ಸರ್ಕಾರ.

ಗ್ಯಾಸ್ ಹಿಡಿಯುವ ಘಟಕದ ಕಂಟ್ರೋಲ್ ರೂಮಿನಲ್ಲಿ ಅವಳು ಆಪರೇಟರ್. ಅವಳ ಅಪ್ಪ ಬಾಯ್ಲರ್ ವಿಭಾಗದ ಮೇಸ್ತ್ರಿ. ಆಯಸ್ಸೆಲ್ಲ ಆ ಬೆಂಕಿಯ ಮುಂದೆ ಕಳೆದವರು. ಎದೆಯಲ್ಲಿ ಬೂದಿ ತುಂಬಿಕೊಂಡು, ನಾಲ್ಕು ಮಾತಿಗೊಮ್ಮೆ ಕೆಮ್ಮುವವರು. ಅಮ್ಮ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳಲು ಬಂದ ಸೋದರತ್ತೆಗೆ ಬಾಯಿ ಜೋರು, ಮನಸ್ಸು ಬೆಣ್ಣೆ.

ಹೂಳಲು ಬಂದವನಿಗೆ ಅತ್ತೆಯೇ ಹೆಸರಿಟ್ಟಿದ್ದು. "ಯಾವಾಗ್ಲೂ ನೆಲ ನೋಡ್ಕೊಂಡೇ ನಡೀತಾನಲ್ಲೇ, ಆ ಪಾತಾಳ!" ಎಂದಳು. ವಾರ ಕಳೆಯುವಷ್ಟರಲ್ಲಿ ಊರಿಗೆಲ್ಲ ಅವನು ಪಾತಾಳವೇ ಆದ.

ಗ್ಯಾಸನ್ನು ನೆಲದಡಿಗೆ ಇಳಿಸುವ ಬಾವಿ ಇದ್ದದ್ದು ಊರಾಚೆಯ ಬಯಲಿನಲ್ಲಿ. ಅಲ್ಲಿಂದ ಕಂಟ್ರೋಲ್ ರೂಮಿಗೆ ನೇರ ಫೋನಿತ್ತು.

"ಮೇಡಂ, ಬಾವಿಯಿಂದ. ಗ್ಯಾಸ್ ಸ್ವಲ್ಪ ಹೆಚ್ಚಿಸಿ."

"ಆಯ್ತು. ಅಲ್ಲಿ ದೀಪದ ಬಣ್ಣ ಎಲ್ಲ ನೋಡ್ಕೊಂಡಿದ್ದೀರಾ?"

"ನೀವು ಆ ವಿಷಯ ಈ ಜನ್ಮದಲ್ಲಿ ಬಿಡಲ್ಲ ಅಲ್ವಾ?"

"ಇಲ್ಲ!"

ಶಿಫ್ಟಿಗೆ ಹತ್ತಾರು ಸಲ ಅವನ ದನಿ. ಮೊದಮೊದಲು ಒತ್ತಡ, ಉಷ್ಣತೆ. ಆಮೇಲೆ "ಊಟ ಆಯ್ತಾ?" ಆಮೇಲೆ ಯಾವ ಕಾರಣವೂ ಇಲ್ಲದೆ, "ಸುಮ್ನೆ ಮಾಡಿದೆ..." ಫೋನ್ ಗಣಗಣಿಸಿದರೆ ಪಕ್ಕದ ಸಹೋದ್ಯೋಗಿಗಳು ಕೆಮ್ಮುವುದನ್ನು ಕಲಿತರು. ಅವಳು ಮುಖ ಗಂಟಿಕ್ಕಿಕೊಂಡು ಎತ್ತುತ್ತಿದ್ದಳು. ಒಳಗೊಳಗೇ ಮಾತ್ರ... ಅಬ್ಬಾ, ಆ ಎದೆಬಡಿತ!

ಒಂದು ಸಂಜೆ ಇಬ್ಬರೂ ಸ್ಥಾವರದ ಬೂದಿ ತುಂಬುವ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ ಅವಳು ಕೇಳಿದಳು. "ನಿಮ್ಮೂರು ಯಾವುದು?"

"ಇಲ್ಲ."

"ಇಲ್ಲ ಅಂದ್ರೆ?"

"ಸಮುದ್ರದ ಪಕ್ಕ ಇತ್ತು. ಪ್ರತಿ ವರ್ಷ ನೀರು ಒಂದಿಷ್ಟು ಒಳಗೆ ಬರ್ತಿತ್ತು. ಮೊದಲು ತೆಂಗಿನ ಸಾಲು ಹೋಯ್ತು, ಆಮೇಲೆ ರಸ್ತೆ, ಆಮೇಲೆ ಶಾಲೆ. ಕೊನೆಗೆ ನಮ್ಮಮ್ಮ ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು, 'ಇನ್ನು ಒಲೆ ಹತ್ತಲ್ಲ ಮಗಾ, ಹೊರಡೋಣ' ಅಂದ್ರು."

ಅವಳು ಚಿಮಣಿಯತ್ತ ನೋಡಿದಳು. ಬಿಳಿ ಹೊಗೆ ತನ್ನ ಪಾಡಿಗೆ ತಾನು ಏರುತ್ತಿತ್ತು. ಅದನ್ನು ನೋಡುತ್ತಲೇ ಬೆಳೆದವಳು ಅವಳು. ಅದು ನಿಂತರೆ ಅಪ್ಪನಿಗೆ ಕೆಲಸವಿಲ್ಲ ಎಂದು ಹೆದರಿ ಬೆಳೆದವಳು.

"ನಮ್ಮ ಮೇಲೆ ಕೋಪ ಬರಲ್ವಾ ನಿಮಗೆ?" ಅವಳು ಕೇಳಿದಳು.

"ಬರ್ತಿತ್ತು. ನಿಮ್ಮಪ್ಪ ಕೆಮ್ಮೋದು ಕೇಳಿದ ಮೇಲೆ ಹೋಯ್ತು." ಅವನು ನಿಂತು ಅವಳನ್ನು ನೋಡಿದ. "ಇದೊಂದು ಕೆಲಸ ಆಗ್ಬಿಟ್ರೆ ಸಾಕು... ನಿಮ್ಮ ಬೆಂಕೀನೂ ಆರಲ್ಲ, ಇನ್ನೊಂದೂರೂ ಮುಳುಗಲ್ಲ."

ಆ ಕ್ಷಣಕ್ಕೇ ಅವಳು ಸೋತುಹೋದಳು.

---

ತಿಂಗಳುಗಳು ಕಳೆದಂತೆ ಫೋನಿನ ದನಿ ಬದಲಾಯಿತು.

"ಮೇಡಂ, ಸ್ವಲ್ಪ ಕಡಿಮೆ ಮಾಡಿ."

"ನಿನ್ನೆಯೂ ಕಡಿಮೆ ಮಾಡಿದ್ವಲ್ಲ?"

"ಇನ್ನೂ ಸ್ವಲ್ಪ."

"ಏನಾದ್ರೂ ತೊಂದರೆನಾ?"

"...ನೋಡೋಣ."

ಅದೇ ದಿನಗಳಲ್ಲಿ ಅವಳು ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ತಡೆದಳು. ಮುಖದ ತುಂಬ ನಗು!

"ಪಾತಾಳ ಬಂದಿದ್ದ ಕಣೇ! ನಿಮ್ಮಪ್ಪನ ಹತ್ರ ಬಾಗಿಲು ಮುಚ್ಕೊಂಡು ಮಾತಾಡಿದ. ಚಹಾ ಕೊಡೋಕೆ ಹೋದ್ರೆ ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡ್ರು. ಇನ್ನೇನಿರುತ್ತೆ ಹೇಳು, ಗಂಡಸರು ಹಾಗೆ ಕದ್ದುಮುಚ್ಚಿ ಮಾತಾಡೋಕೆ?"

ಅವಳ ಕೆನ್ನೆ ಕೆಂಪಾಯಿತು. ಅಪ್ಪನ ಮುಖ ನೋಡಿದಳು. ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದರು.

"ಅಪ್ಪಾ... ಏನಂದ್ರು ಅವ್ರು?"

"ಒಳ್ಳೇ ಹುಡುಗ ಕಣಮ್ಮ," ಎಂದಷ್ಟೇ ಹೇಳಿ ಅಪ್ಪ ಅವಳ ತಲೆ ಸವರಿದರು.

ಇನ್ನೇನು ಬೇಕು? ಅವಳು ಕಾಯತೊಡಗಿದಳು. ಇವತ್ತು ಹೇಳ್ತಾನೆ... ನಾಳೆ ಹೇಳ್ತಾನೆ... ಮುಂದೆ ಯಾವ ಕ್ವಾರ್ಟರ್ಸ್ ಸಿಗಬಹುದು, ಕಿಟಕಿಗೆ ಯಾವ ಬಣ್ಣದ ಪರದೆ ಹಾಕಬೇಕು ಎಂದೆಲ್ಲ ಅವನೆದುರೇ ತಮಾಷೆಯಂತೆ ಹೇಳುತ್ತಿದ್ದಳು.

ಅವನು ಕೇಳಿಸಿಕೊಳ್ಳುತ್ತಿದ್ದ. ನಗಲು ಪ್ರಯತ್ನಿಸುತ್ತಿದ್ದ. ಅವಳು ಮುಖ ತಿರುಗಿಸಿದ ಕೂಡಲೇ ಆ ನಗು ಆರಿಹೋಗುತ್ತಿದ್ದದ್ದು ಅವಳಿಗೆ ಕಾಣಲೇ ಇಲ್ಲ.

---

ಮಟಮಟ ಮಧ್ಯಾಹ್ನ ನೆಲ ನಡುಗಿತು.

ಜೋರಾಗೇನಲ್ಲ. ಮೇಜಿನ ಮೇಲಿನ ಲೋಟ ಗಿರಕಿ ಹೊಡೆದು ಬಿತ್ತು. ತೂಗುದೀಪ ಆಡಿತು. ಕ್ವಾರ್ಟರ್ಸ್ ಕಡೆಯಿಂದ ಪಾತ್ರೆ ಉರುಳಿದ ಸದ್ದು, ಹೆಂಗಸರ ಕೂಗು. ಶಾಲೆಯ ಮಕ್ಕಳು ಮೈದಾನಕ್ಕೆ ಓಡಿಬಂದರು.

ಫೋನ್ ಕಿರುಚಿತು.

"ನಿಲ್ಲಿಸಿ! ಈಗ್ಲೇ ನಿಲ್ಲಿಸಿ!"

"ಏನಾಯ್ತು? ದೊಡ್ಡ ಸಾಹೇಬ್ರನ್ನ ಕೇಳದೆ ನಾನು ಹೇಗೆ..."

"ಕೇಳೋಕೆ ಹೊತ್ತಿಲ್ಲ. ಕೆಳಗಿನ ಬಂಡೆ ಬಿರೀತಿದೆ. ಮೇಲೆ ಶಾಲೆ ಇದೆ, ನಿಮ್ಮನೆ ಇದೆ. ದಯವಿಟ್ಟು... ನನ್ನ ನಂಬಿ!"

ಅವಳು ನಂಬಿದಳು. ತನ್ನ ಕೈಯಾರೆ ಬಟನ್ ಒತ್ತಿದಳು. ಕಂಪ್ರೆಸರ್‌ಗಳ ಮೊರೆತ ಕುಗ್ಗಿ, ಕುಗ್ಗಿ, ನಿಂತಿತು. ಆ ಮೌನದಲ್ಲಿ ಅವಳಿಗೆ ತನ್ನ ಉಸಿರೇ ಕೇಳಿಸಿತು.

ವಾರದೊಳಗೆ ರಾಜಧಾನಿಯಿಂದ ಅಧಿಕಾರಿಗಳು ಬಂದರು. ಸಮುದಾಯ ಭವನ ಕಿಕ್ಕಿರಿದಿತ್ತು. ಎಲ್ಲ ತಾತ್ಕಾಲಿಕ ಸಮಸ್ಯೆ, ಸರಿಹೋಗುತ್ತದೆ ಎಂದರು ಸ್ಥಾವರದ ದೊಡ್ಡ ಸಾಹೇಬರು. ಜನ ಚಪ್ಪಾಳೆ ತಟ್ಟಿದರು.

ಆಗ ಹಿಂದಿನ ಸಾಲಿನಿಂದ ಅವನು ಎದ್ದು ನಿಂತ.

"ಸರಿಹೋಗಲ್ಲ. ನೆಲದಡಿ ನಾವು ಬಯಲು ಅಂದ್ಕೊಂಡಿದ್ದು ಮುಚ್ಚಿದ ಕೋಣೆ. ಆ ಬಂಡೆಯ ಸುತ್ತ ಗೋಡೆ ಇದ್ದ ಹಾಗಿದೆ. ಗ್ಯಾಸ್ ಹರಡೋಕೆ ಜಾಗ ಇಲ್ಲ. ಈ ಸ್ಥಾವರದ ಹೊಗೇಲಿ ಹತ್ತರಲ್ಲಿ ಒಂದು ಪಾಲನ್ನೂ ಅದು ತಗೊಳ್ಳಲ್ಲ. ಇನ್ನೂ ಒತ್ತಿದ್ರೆ ನೆಲ ಮತ್ತೆ ನಡುಗುತ್ತೆ."

"ಇದು ನಿಮಗೆ ಯಾವಾಗ ಗೊತ್ತಾಯ್ತು?" ಅಧಿಕಾರಿಯೊಬ್ಬರು ಕೇಳಿದರು.

"ಅನುಮಾನ ಬಂದು ಕೆಲವು ತಿಂಗಳಾಯ್ತು. ಮೇಲಿನವರಿಗೆ ಹೇಳಿದ್ದೆ. ಇನ್ನೊಮ್ಮೆ ನೋಡಿ ಅಂದ್ರು... ನೋಡ್ತಾ ಇದ್ದೆ."

ಕೆಲವು ತಿಂಗಳು!

ಅವಳ ಕಿವಿಯಲ್ಲಿ ಬೇರೇನೂ ಕೇಳಿಸಲಿಲ್ಲ. ಪರದೆಯ ಬಣ್ಣ ಹೇಳುವಾಗಲೂ ಗೊತ್ತಿತ್ತು. ಫೋನಿನಲ್ಲಿ 'ನೋಡೋಣ' ಅಂದಾಗಲೂ ಗೊತ್ತಿತ್ತು!

ಹೊರಗೆ ಜನ ಅವನನ್ನು ಸುತ್ತುವರಿದು ಬೈಯುತ್ತಿದ್ದರು. ಯಾರೋ ಅಂಗಿ ಹಿಡಿದು ಎಳೆದರು. ಅವನು ತಡೆಯಲಿಲ್ಲ. ಜನರನ್ನು ಸರಿಸಿಕೊಂಡು ಅವಳು ಎದುರು ನಿಂತಳು.

"ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

ಅವನು ನೆಲ ನೋಡಿದ.

"ನನ್ನ ಕನಸೆಲ್ಲ ಕೂತು ಕೇಳಿದ್ರಲ್ಲ... ಮಜಾ ಬಂತಾ? ಕೊನೆಗೆ ನನ್ನ ಕೈಯಲ್ಲೇ ನನ್ನೂರಿನ ಕತ್ತು ಹಿಸುಕಿಸಿದ್ರಿ!"

"ನಾನು..."

"ಬೇಡ. ನಿಮ್ಮ ದನಿ ಇನ್ಮೇಲೆ ನನಗೆ ಕೇಳಿಸ್ಬಾರ್ದು."

ತಿರುಗಿ ನಡೆದಳು. ಬೆನ್ನ ಹಿಂದೆ ಅವನು ಕರೆಯುತ್ತಾನೇನೋ ಎಂದು ಹಾಳು ಮನಸ್ಸು ಕಾಯುತ್ತಲೇ ಇತ್ತು. ಅವನು ಕರೆಯಲಿಲ್ಲ.

---

ಸ್ಥಾವರಕ್ಕೆ ಬೀಗ ಹಾಕುವ ಆದೇಶ ಬಂತು.

ಕೊನೆಯ ಬಾಯ್ಲರ್ ಆರಿಸುವ ಕೆಲಸವನ್ನು ಅಪ್ಪನೇ ಕೇಳಿ ಪಡೆದರು. ನೋಡುಕಂಡಿಯ ಗಾಜಿನಲ್ಲಿ ಬೆಂಕಿ ಹಳದಿಯಾಗಿ, ಕೆಂಪಾಗಿ, ಕಪ್ಪಾಯಿತು. ಅಪ್ಪ ಗಾಜಿನ ಮೇಲೆ ಅಂಗೈ ಇಟ್ಟು, ಬಿಸಿ ಆರುವವರೆಗೂ ನಿಂತಿದ್ದರು. ಅವಳು ದೂರದಿಂದ ನೋಡುತ್ತಿದ್ದಳು. ಕರೆಯುವ ಧೈರ್ಯ ಬರಲಿಲ್ಲ.

ಅಲ್ಲಿಂದ ಊರು ಸೋರತೊಡಗಿತು. ಇವತ್ತು ಎದುರುಮನೆ, ನಾಳೆ ಪಕ್ಕದ ಮನೆ. ಶಾಲೆಯ ಬೆಂಚುಗಳನ್ನು ಲಾರಿಗೆ ಹೇರಿದರು. ಕ್ಷೌರದಂಗಡಿಯವನು ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದ. ಗಾಳಿ ವಿದ್ಯುತ್ತಿನ ಕಂಪನಿ ನೂರು ಜನರಲ್ಲಿ ಮೂವರಿಗೆ ಕೆಲಸ ಕೊಟ್ಟಿತಂತೆ. ಉಳಿದವರ ಬಗ್ಗೆ ಯಾರೂ ಮಾತಾಡಲಿಲ್ಲ.

"ಪಾತಾಳಕ್ಕೆ ಸಮುದ್ರದ ಕಡೆ ದೊಡ್ಡ ಕೆಲಸ ಸಿಕ್ಕಿದೆಯಂತೆ," ಅತ್ತೆ ಸುದ್ದಿ ತಂದಳು. "ಅಲ್ಲಿ ಸಮುದ್ರದಡಿ ಹೂಳ್ತಾರಂತೆ. ನಮ್ಮೂರನ್ನ ಹೂತಿದ್ದು ಸಾಲ್ಲಿಲ್ಲ ಅಂತ ಕಾಣುತ್ತೆ!"

ಅವಳು ಒಳಗೆ ಹೋಗಿ ಮಲಗಿದಳು. 'ಹೋಗ್ಲಿ... ಎಲ್ಲಾದ್ರೂ ಹೋಗ್ಲಿ...' ಅಂದುಕೊಂಡಳು. ದಿಂಬು ಒದ್ದೆಯಾಯಿತು.

ಅಪ್ಪ ಆಸ್ಪತ್ರೆ ಸೇರಿದರು. ಮೂಗಿಗೆ ನಳಿಕೆ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್. ವೈದ್ಯೆ ಅವಳನ್ನು ಹೊರಗೆ ಕರೆದು ಮಾತಾಡಿದಳು. ಗುಣವಾಗುವ ಮಾತಾಗಿರಲಿಲ್ಲ ಅದು.

ಒಂದು ಬೆಳಗ್ಗೆ ಅಪ್ಪ ಕಣ್ಣು ಬಿಟ್ಟು ಕೇಳಿದರು. "ಆ ಹುಡುಗ ಬಂದಿದ್ನಾ?"

"ಯಾವ ಹುಡುಗ?" ಅವಳ ಮುಖ ಕಲ್ಲಾಯಿತು.

"ಸುಮ್ನಿರು, ಗೊತ್ತಿಲ್ಲದ ಹಾಗೆ ಆಡ್ಬೇಡ." ಉಸಿರು ಎಳೆದುಕೊಂಡರು. "ಅವತ್ತು ಮನೆಗೆ ಬಂದಿದ್ನಲ್ಲ... ನೀನು ಮದುವೆ ಮಾತು ಅಂದ್ಕೊಂಡೆ."

"ಮತ್ತೇನು?"

"ಎರಡು ಮಾತು ಹೇಳೋಕೆ ಬಂದಿದ್ದ. 'ಈ ಬಂಡೆ ತಡೆಯೋ ಹಾಗೆ ಕಾಣಲ್ಲ, ಊರು ಉಳಿಯಲ್ಲ' ಅಂದ. 'ನಿಮ್ಮ ಮಗಳಂದ್ರೆ ನನಗೆ ಪ್ರಾಣ' ಅಂದ. 'ಮೊದಲನೇದು ಹೇಳದೆ ಎರಡನೇದು ಹೇಳಿದ್ರೆ ಮೋಸ ಆಗುತ್ತೆ, ಇವತ್ತೇ ಅವಳಿಗೆ ಎರಡೂ ಹೇಳ್ತೀನಿ' ಅಂತ ಎದ್ದ."

ಅವಳು ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು. "ಮತ್ತೆ... ಯಾಕೆ ಹೇಳ್ಲಿಲ್ಲ?"

"ನಾನೇ ತಡೆದೆ. ಆಣೆ ಹಾಕಿಸ್ಕೊಂಡೆ." ಅಪ್ಪನ ಕಣ್ಣಂಚಿನಿಂದ ನೀರಿಳಿಯಿತು. "ನಿಮ್ಮಮ್ಮ ಹೋದ ಮೇಲೆ ನೀನು ನಕ್ಕಿದ್ದೇ ಆಗ. ಹಾಡ್ಕೊಂಡು ಡ್ಯೂಟಿಗೆ ಹೋಗ್ತಿದ್ದೆ... ಇನ್ನೊಂದಿಷ್ಟು ದಿನ ನಗ್ಲಿ ಅಂತ ಆಸೆ ಆಯ್ತಮ್ಮ. ಬಂಡೆ ಮನಸ್ಸು ಬದಲಾಯಿಸಿದ್ರೆ ಅಂತ ನನಗೂ ಒಂದು ಹುಚ್ಚು ಆಸೆ."

"ಅಪ್ಪಾ!" ಅವಳು ಹಾಸಿಗೆಯ ಅಂಚಿಗೆ ಹಣೆ ಒತ್ತಿ ಬಿಕ್ಕಿದಳು. "ಅಷ್ಟು ಜನರ ಮುಂದೆ ಬೈದೆ... ಅವ್ರು ಒಂದು ಮಾತು ಆಡ್ಲಿಲ್ಲ!"

"ನನ್ನ ಹೆಸರು ಹೇಳ್ಬೇಕಾಗ್ತಿತ್ತಲ್ಲ. ಅದಕ್ಕೇ ಆಡ್ಲಿಲ್ಲ."

ಆ ವಾರವೇ ಅಪ್ಪನ ಉಸಿರು ನಿಂತಿತು. ಊರಿನಲ್ಲಿ ಹೊರಲು ನಾಲ್ಕು ಜನ ಸಿಗುವುದೇ ಕಷ್ಟವಾಯಿತು. ಮೂವರು ಬಾಯ್ಲರ್ ವಿಭಾಗದ ಮುದುಕರು. ನಾಲ್ಕನೆಯವರಾಗಿ ಹಿಂದಿನಿಂದ ಯಾರೋ ಬಂದು ಹೆಗಲು ಕೊಟ್ಟರು. ಕಣ್ಣೀರಿನ ಮಬ್ಬಿನಲ್ಲಿ ಅವಳು ತಲೆಯೆತ್ತಿ ನೋಡಿದಳು.

ಪಾತಾಳ!

ಎಲ್ಲ ಮುಗಿಯುವವರೆಗೂ ತಲೆ ತಗ್ಗಿಸಿ ನಿಂತಿದ್ದ. ಅವಳ ಹತ್ತಿರ ಬರಲಿಲ್ಲ. ಮಾತಾಡಲೂ ಇಲ್ಲ. ಅವನ ದನಿ ತನಗೆ ಕೇಳಿಸಬಾರದು ಅಂದಿದ್ದಳಲ್ಲ...

"ಸಮುದ್ರದ ಕಡೆಗೆ ಹೋಗ್ಲಿಲ್ವಾ ಅವನು?" ಅವಳು ಅತ್ತೆಯನ್ನು ಕೇಳಿದಳು.

"ಹೋಗ್ಲಿಲ್ವಂತೆ. ಆ ಬಾವಿ ಹತ್ರಾನೇ ಒಂದು ತಗಡಿನ ಗೂಡಲ್ಲಿ ಇದ್ದಾನಂತೆ. ಬೇಡ ಅಂದ್ರೂ ಆ ದೊಡ್ಡ ಕೆಲಸ ಬಿಟ್ಟನಂತೆ, ಹುಚ್ಚು ಮುಂಡೇದು." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀನು ಬಟ್ಟೆ ಜೋಡಿಸ್ಕೊ. ನಾಳಿದ್ದು ನನ್ನ ಮಗನ ಮನೆಗೆ ಹೊರಡೋಣ. ಇಲ್ಲೇನಿದೆ ಇನ್ನು?"

---

ಹೊರಡುವ ದಿನ ಬೆಳಗ್ಗೆ ಅವಳು ಬಯಲಿನತ್ತ ನಡೆದಳು.

ಬಾವಿಯ ಬಾಯಿಗೆ ಸಿಮೆಂಟ್ ತುಂಬಿ ಮುಚ್ಚಿದ್ದರು. ಸುತ್ತ ಮುಳ್ಳುತಂತಿ. ಪಕ್ಕದಲ್ಲಿ ತಗಡಿನ ಗೂಡು, ಒಂದು ಮಂಚ, ಒಂದು ಸ್ಟವ್, ನೆಲದಲ್ಲಿ ನೆಟ್ಟ ಅಳತೆಯ ಯಂತ್ರಗಳು. ಅವನು ಮಂಡಿಯೂರಿ ಯಾವುದೋ ತಂತಿ ಬಿಗಿಯುತ್ತಿದ್ದ. ಗಡ್ಡ ಬೆಳೆದಿತ್ತು.

ಅವಳನ್ನು ಕಂಡು ಗಾಬರಿಯಿಂದ ಎದ್ದ. ಮಾತು ಬಾಯಿಗೆ ಬಂದು ನಿಂತಿತು. ಆಡಲೋ ಬೇಡವೋ ಎಂಬ ಆ ಮುಖ ನೋಡಿ ಅವಳ ಎದೆ ಹಿಂಡಿತು.

"ಮಾತಾಡಿ," ಎಂದಳು ಮೆಲ್ಲಗೆ. "ಅಪ್ಪ ಎಲ್ಲ ಹೇಳಿದ್ರು."

ಅವನು ಕಣ್ಣು ಮುಚ್ಚಿಕೊಂಡ. "ಆ ಸಭೆ ಆದ್ಮೇಲೆ, ಆಣೆ ವಿಷಯ ಹೇಳ್ಬೇಡಿ ಅಂದಿದ್ದೆ ಅವರಿಗೆ."

"ಇಬ್ರೂ ಸೇರಿ ನನ್ನ ಚಿಕ್ಕ ಮಗು ಮಾಡ್ಬಿಟ್ರಿ ಅಲ್ವಾ? ನಗ್ಲಿ ಅಂತ ಸುಳ್ಳಿನ ಮೇಲೆ ಕೂರಿಸಿದ್ರಿ."

"ತಪ್ಪಾಯ್ತು. ಆಣೆ ಅವರದ್ದೇ ಇರ್ಬಹುದು... ಆದ್ರೆ ನನಗೂ ನಿಮ್ಮ ನಗು ಬೇಕಾಗಿತ್ತು."

ಗಾಳಿ ಬೀಸಿತು. ದೂರದಲ್ಲಿ ಹೊಗೆಯಿಲ್ಲದ ಚಿಮಣಿ ಬರಿದೇ ನಿಂತಿತ್ತು.

"ಸಮುದ್ರದ ಕಡೆ ಯಾಕೆ ಹೋಗ್ಲಿಲ್ಲ?"

"ಅಲ್ಲಿಗೆ ನನ್ನಂಥವರು ಬೇಕಾದಷ್ಟು ಜನ ಸಿಗ್ತಾರೆ. ಇಲ್ಲಿ ಹೂತಿದ್ದನ್ನ ಕಾಯೋಕೆ ಒಬ್ರೂ ಸಿಗ್ಲಿಲ್ಲ. ಸ್ವಲ್ಪಾನೇ ಹೂತಿದ್ದೀವಿ, ಆದ್ರೂ ಅದು ಮೇಲೆ ಬಾರದ ಹಾಗೆ ಯಾರಾದ್ರೂ ನೋಡ್ತಿರ್ಬೇಕು." ಅವನು ಚಿಮಣಿಯತ್ತ ನೋಡಿದ. "ಎರಡು ಊರು ಹೋದ್ವು ನನ್ನ ಕಣ್ಣೆದುರು. ಒಂದನ್ನ ನೀರು ತಗೊಂಡಿತು. ಇನ್ನೊಂದನ್ನ... ನಾನೇ ಮುಳುಗಿಸಿದೆ."

"ಹಾಗಾದ್ರೆ ನಿಮ್ಮ ಮೊದಲನೇ ಊರನ್ನ ನಮ್ಮಪ್ಪನ ಹೊಗೆ ಮುಳುಗಿಸ್ತು. ಯಾರು ಯಾರನ್ನ ಕ್ಷಮಿಸ್ಬೇಕು ಈಗ?"

ಇಬ್ಬರೂ ಅಳುತ್ತಿದ್ದರು.

"ನಿಮ್ಮ ಅತ್ತೆ ಜೊತೆ ಹೋಗಿ," ಕೊನೆಗೆ ಅವನೇ ಅಂದ. "ಇಲ್ಲಿ ಏನೂ ಇಲ್ಲ. ನೀರಿನ ಟ್ಯಾಂಕರ್ ಬಂದ್ರೆ ಬಂತು. ಇನ್ನು ಸ್ವಲ್ಪ ದಿನಕ್ಕೆ ಅಂಗಡಿ ಕೂಡ ಇರಲ್ಲ. ಇಷ್ಟೆಲ್ಲ ಮಾಡಿ ಲೋಕದ ಹೊಗೆಯಲ್ಲಿ ಒಂದು ಚಮಚದಷ್ಟೂ ಕಮ್ಮಿ ಆಗ್ಲಿಲ್ಲ. ನಿಮಗೆ ಕೊಡೋಕೆ ನನ್ನ ಹತ್ರ ಒಂದು ಒಳ್ಳೇ ಸುದ್ದಿ ಕೂಡ ಇಲ್ಲ."

"ಎರಡನೇ ಮಾತು?"

"ಯಾವುದು?"

"ಅಪ್ಪನಿಗೆ ಎರಡು ಮಾತು ಹೇಳಿದ್ರಂತಲ್ಲ. ಮೊದಲನೇದು ಊರಿಗೆಲ್ಲ ಹೇಳಿದ್ರಿ. ಎರಡನೇದನ್ನ ನನಗೆ ಇನ್ನೂ ಹೇಳಿಲ್ಲ."

ಅವನು ಅವಳನ್ನೇ ನೋಡಿದ. ನೆಲ ನೋಡುವ ಮನುಷ್ಯ, ಮೊದಲ ಸಲ ಕಣ್ಣು ತಗ್ಗಿಸದೆ ನೋಡಿದ.

"ನೀನಂದ್ರೆ ನನಗೆ ಪ್ರಾಣ," ಎಂದ. "ಇದನ್ನ ಇಂಥಾ ಜಾಗದಲ್ಲಿ ಹೇಳ್ಬೇಕಾಗುತ್ತೆ ಅಂದ್ಕೊಂಡಿರ್ಲಿಲ್ಲ."

ಅವಳು ಮುಂದೆ ಬಂದು ಅವನ ಎದೆಗೆ ತಲೆಯಿಟ್ಟಳು. ಸಿಮೆಂಟಿನ ಧೂಳು, ಬೆವರು... ಅವನ ಕೈಗಳು ಹೆದರಿ ಹೆದರಿ ಅವಳ ಬೆನ್ನಿಗೆ ಬಂದವು.

"ಅತ್ತೆ ಬಸ್ಸಿಗೆ ಕಾಯ್ತಿರ್ತಾರೆ," ಎಂದ ಅವನು, ಬಿಡದೆ.

"ಹತ್ತಿಸಿ ಬರ್ತೀನಿ."

"ಬರ್ತೀಯಾ?"

"ಹ್ಞೂಂ. ಈ ಹೂತಿರೋದನ್ನ ಎಷ್ಟು ದಿನ ಕಾಯ್ಬೇಕು?"

"ಸಾವಿರಾರು ವರ್ಷ ಅಂತ ಲೆಕ್ಕ."

ಅವಳು ಅವನ ಅಂಗಿಯಲ್ಲೇ ಮುಖ ಒರೆಸಿಕೊಂಡಳು.

"ಅಷ್ಟೆಲ್ಲ ನಮ್ಮ ಕೈಲಾಗಲ್ಲ ಕಣೋ," ಎಂದಳು. "ಆದಷ್ಟು ದಿನ ಇರೋಣ."